ಹೊರಗಿನ ಬೋರ್ಡು, ಒಳಗಿನ ಪಾಠ: ಬೀದರ ಪರಿಸರದಲ್ಲಿ ಒಂದು ಇಂಗ್ಲಿಷ್ ಪದದ ಅರ್ಥವಿಸ್ತಾರ

ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳ ಅಧ್ಯಯನ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗಿದೆ. ಎರವಲು ಪದಗಳನ್ನು ಪಟ್ಟಿ ಮಾಡಿ ಅವುಗಳ ಧ್ವನಿವ್ಯತ್ಯಾಸಗಳನ್ನು ಗುರುತಿಸುವುದು ಒಂದು ದಾರಿ. ಅವುಗಳ ಸ್ಥಾನದಲ್ಲಿ ಬಳಸಬಹುದಾದ ಕನ್ನಡ ಪದಗಳನ್ನು ಸೂಚಿಸುವುದು ಇನ್ನೊಂದು. ಮೊದಲನೆಯದು ಭಾಷಾವಿಜ್ಞಾನದ ಕೆಲಸ, ಎರಡನೆಯದು ಪರಿಭಾಷಾ ರಚನೆಯ ಕೆಲಸ. ಇವೆರಡೂ ಅಗತ್ಯವಾದವುಗಳೇ. ಆದರೆ ಹೊರಗಿನಿಂದ ಬಂದ ಪದವೊಂದು ನಿರ್ದಿಷ್ಟ ಪ್ರದೇಶದ ಜನರ ಬದುಕಿನಲ್ಲಿ ಯಾವ ಹೊಣೆಯನ್ನು ಹೊತ್ತಿತು, ಅಲ್ಲಿ ಮೊದಲೇ ಇದ್ದ ಪದಗಳ ನಡುವೆ ಅದಕ್ಕೆ ಎಡೆ ಹೇಗೆ ದೊರೆಯಿತು ಎಂಬ ಪ್ರಶ್ನೆ ಈ ಎರಡು ದಾರಿಗಳ ನಡುವೆ ಉಳಿದುಬಿಡುತ್ತದೆ. ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾದ ಪದಗಳಲ್ಲಿ 'ಬೋರ್ಡು' ಒಂದು. ಅದು ಅತ್ಯಂತ ಸಾಮಾನ್ಯ ಪದ. ಅಕ್ಷರ ಬಾರದವರೂ ಅದನ್ನು ಬಳಸುತ್ತಾರೆ. ಆದ್ದರಿಂದಲೇ ಅದು ವಿದ್ವಾಂಸರ ಗಮನದಿಂದ ತಪ್ಪಿಸಿಕೊಂಡಿದೆ.

ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳನ್ನು ಈ ಪರಿಶೀಲನೆಗೆ ಆರಿಸಿಕೊಳ್ಳಲು ಸಕಾರಣವಿದೆ. ಕನ್ನಡ, ಉರ್ದು, ಮರಾಠಿ, ತೆಲುಗು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ನೆಲ ಇದು. ಇಲ್ಲಿ ಯಾವ ಗೋಡೆಯ ಮೇಲೆ ಯಾವ ಭಾಷೆಯ ಅಕ್ಷರವಿರಬೇಕು ಎಂಬುದು ಬರಿಯ ಅಲಂಕಾರದ ವಿಷಯವಾಗಿರಲಿಲ್ಲ, ಅಧಿಕಾರದ ವಿಷಯವಾಗಿತ್ತು. 'ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ' ಎಂಬ ಮಾತು ಈ ಭಾಗದ ಕನ್ನಡದ ಚರಿತ್ರೆಯನ್ನು ಹೇಳುವವರೆಲ್ಲರ ಬಾಯಲ್ಲಿ ಬರುತ್ತದೆ. ಆ ಮಾತಿನ ನಟ್ಟನಡುವೆ ಇರುವ ಪದ ಉರ್ದುವೂ ಅಲ್ಲ, ಕನ್ನಡವೂ ಅಲ್ಲ, ಇಂಗ್ಲಿಷು. ಈ ಸಂಗತಿಯ ಅರ್ಥವೇನು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

1. ಮೂಲದಲ್ಲಿ ಪದದ ಅರ್ಥ

ಇಂಗ್ಲಿಷಿನ ಪ್ರಾಚೀನ ರೂಪದಲ್ಲಿ ಈ ಪದಕ್ಕೆ ಮರದ ಹಲಗೆ ಎಂಬುದು ಮೂಲಾರ್ಥ. ಹಲಗೆಯಿಂದ ಮಾಡಿದ ಮೇಜು, ಹಡಗಿನ ಪಕ್ಕದ ಮೈ, ಯುದ್ಧದ ಗುರಾಣಿ ಇವೆಲ್ಲವನ್ನೂ ಆ ಕಾಲದಲ್ಲಿ ಇದೇ ಪದದಿಂದ ಕರೆಯುತ್ತಿದ್ದರು. ಮೇಜಿನ ಮೇಲೆ ಬಡಿಸುವ ಊಟಕ್ಕೂ ಅದೇ ಹೆಸರು ಬಂತು. ಹಣ ಕೊಟ್ಟು ಒಂದೆಡೆ ಊಟ ವಸತಿ ಪಡೆಯುವುದು 'ಬೋರ್ಡಿಂಗ್' ಆಯಿತು. ಮೇಜಿನ ಸುತ್ತ ಕುಳಿತು ವಿಚಾರಮಾಡುವವರ ಸಮೂಹವೂ 'ಬೋರ್ಡ್' ಎನಿಸಿಕೊಂಡಿತು. ಹಡಗಿನ ಮೈ ಎಂಬ ಅರ್ಥದಿಂದ ಹಡಗನ್ನು ಹತ್ತುವ ಅರ್ಥ ಹುಟ್ಟಿ, ಅದು ರೈಲಿಗೂ ವಿಮಾನಕ್ಕೂ ಹರಡಿತು. 2020ರಲ್ಲಿ ಬೀದರಿನಿಂದ ನಾಗರಿಕ ವಿಮಾನಸಂಚಾರ ಆರಂಭವಾದಾಗ ಪ್ರಯಾಣಿಕರ ಕೈಗೆ ಬಂದ 'ಬೋರ್ಡಿಂಗ್ ಪಾಸ್' ಈ ಹಡಗಿನ ವಂಶಕ್ಕೆ ಸೇರಿದ್ದು.

ಈ ಅರ್ಥಗಳ ಸರಣಿಯಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಜಡವಸ್ತುವೊಂದರ ಹೆಸರು ಅಧಿಕಾರದ ಹೆಸರಾಗಿ ಬೆಳೆದದ್ದು ಒಂದು. ಇಂಗ್ಲಿಷಿನ ನುಡಿಗಟ್ಟೊಂದರಲ್ಲಿ ಈ ಪದ ಪ್ರಾಮಾಣಿಕತೆಯ ಅಳತೆಗೋಲಾದದ್ದು ಇನ್ನೊಂದು. ಇಸ್ಪೀಟು ಆಡುವಾಗ ಮೇಜಿನ ಕೆಳಗೆ ಎಲೆ ಬದಲಾಯಿಸದೆ ಕೈಗಳನ್ನು ಮೇಲೆ ಕಾಣುವಂತೆ ಇಟ್ಟುಕೊಳ್ಳುವವನು ನಂಬಿಕೆಗೆ ಅರ್ಹ. ಇದರಿಂದ 'ಅಬವ್ ಬೋರ್ಡ್', ಅಂದರೆ ಹಲಗೆಯ ಮೇಲಿನದು, ಎಂದರೆ ಮುಚ್ಚುಮರೆಯಿಲ್ಲದ್ದು ಎಂಬ ಅರ್ಥ ಬಂತು. ಮೇಲೆ ಕಾಣುವುದು ಸತ್ಯ, ಮರೆಯಲ್ಲಿರುವುದು ಮೋಸ ಎಂಬ ಭಾವನೆ ಈ ನುಡಿಗಟ್ಟಿನ ಹಿಂದಿದೆ. ಭಾಲ್ಕಿಯ ಸಂದರ್ಭದಲ್ಲಿ ಈ ಭಾವನೆ ತಲೆಕೆಳಗಾಗುವುದನ್ನು ಮುಂದೆ ಕಾಣಬಹುದು.

2. ಹಲಗೆ, ತಖ್ತಿ, ಪಾಟಿ

'ಬೋರ್ಡು' ಬರುವ ಮೊದಲು ಈ ಭಾಗದ ಭಾಷೆಗಳಲ್ಲಿ ಅದಕ್ಕೆ ಪದಗಳಿರಲಿಲ್ಲವೆಂದಲ್ಲ. ಕನ್ನಡದಲ್ಲಿ 'ಹಲಗೆ' ಇತ್ತು. ಹಳಗನ್ನಡದಲ್ಲಿ ಇದು 'ಪಲಗೆ'. ಇದನ್ನು ಸಂಸ್ಕೃತದ 'ಫಲಕ'ದ ತದ್ಭವವೆಂದು ಗಣಿಸುವುದು ವಾಡಿಕೆ. ಹಲಗೆಯ ಅರ್ಥವಿಸ್ತಾರವೂ ಇಂಗ್ಲಿಷ್ ಪದದ ಅರ್ಥವಿಸ್ತಾರವನ್ನು ಬಹುಮಟ್ಟಿಗೆ ಹೋಲುತ್ತದೆ. ಮರದ ತುಂಡು, ಅಕ್ಷರ ತಿದ್ದುವ ಸಾಧನ, ಜೊತೆಗೆ ಗುರಾಣಿ. ಪ್ರಾಚೀನ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಖಡ್ಗದ ಜೊತೆ ಬರುವ ಹಲಗೆ ಗುರಾಣಿಯೇ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳಲ್ಲಿ ಹಲಗೆಯ ಹೆಸರು ಗುರಾಣಿಯ ಹೆಸರೂ ಆದುದು ಆಕಸ್ಮಿಕವೇನಲ್ಲ. ಎರಡು ಸಮಾಜಗಳಲ್ಲೂ ಹಲಗೆ ಮೈಯ ಮುಂದೆ ಹಿಡಿಯುವ ರಕ್ಷಣೆಯಾಗಿತ್ತು. ಉತ್ತರ ಕರ್ನಾಟಕದಲ್ಲಿ ಹಲಗೆ ಎಂದರೆ ಚರ್ಮವಾದ್ಯವೂ ಹೌದು. ಊರಿಗೆ ಸುದ್ದಿ ಸಾರುವ ಸಾಧನವಾಗಿ ಅದು ಮಾಡಿದ ಕೆಲಸ ಇಂದಿನ ಬೋರ್ಡಿನ ಕೆಲಸಕ್ಕೆ ಹತ್ತಿರದ್ದು.

ಉರ್ದುವಿಗೆ ಪಾರಸಿಯಿಂದ 'ತಖ್ತಾ', 'ತಖ್ತಿ' ಪದಗಳು ಬಂದಿವೆ. ತಖ್ತಾ ಎಂದರೆ ಹಲಗೆ, ತಖ್ತಿ ಎಂದರೆ ಮಕ್ಕಳು ಬರೆಯುವ ಸಣ್ಣ ಹಲಗೆ, 'ತಖ್ತಾ-ಎ-ಸಿಯಾಹ್' ಎಂದರೆ ಕರಿಹಲಗೆ. ಇವುಗಳ ಸೋದರಪದವಾದ 'ತಖ್ತ್' ಸಿಂಹಾಸನವನ್ನು ಸೂಚಿಸುತ್ತದೆ. ಬೀದರ ಕೋಟೆಯೊಳಗಿನ ತಖ್ತ್ ಮಹಲಿನ ಹೆಸರಿನಲ್ಲಿರುವುದು ಈ ಪದವೇ. ಬಹಮನಿ ಅರಸರು 15ನೆಯ ಶತಮಾನದ ಮೊದಲ ಭಾಗದಲ್ಲಿ ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಪಟ್ಟಾಭಿಷೇಕಗಳಿಗೆ ಸಾಕ್ಷಿಯಾದ ಆ ಅರಮನೆಯ ಹೆಸರು, ಮೂಲದಲ್ಲಿ ಹಲಗೆಯ ನಂಟಿನದು. ಮರಾಠಿಯಲ್ಲಿ 'ಫಳಾ' ಎಂದರೆ ಶಾಲೆಯ ಕರಿಹಲಗೆ, 'ಪಾಟಿ' ಎಂದರೆ ಸ್ಲೇಟು, ಅಂಗಡಿಯ ಹೆಸರಿನ ಹಲಗೆಯೂ ಪಾಟಿಯೇ. ಈ ಪಾಟಿ ಉತ್ತರ ಕರ್ನಾಟಕದ ಕನ್ನಡಕ್ಕೂ ಸಲ್ಲುವ ಪದ. ಮಕ್ಕಳ 'ಪಾಟಿಚೀಲ'ದಲ್ಲಿ ಅದು ಮನೆಮಾತಾಗಿ ಉಳಿದಿದೆ.

ಆಸನದ ಅಥವಾ ಹಲಗೆಯ ಹೆಸರು ಗೌರವದ, ಅಧಿಕಾರದ ಹೆಸರಾಗುವುದು ಕನ್ನಡಕ್ಕೂ ಹೊಸತಲ್ಲ. 'ಮಣೆ ಹಾಕು' ಎಂದರೆ ಮನ್ನಣೆ ಕೊಡು. 'ಪೀಠ', 'ಗದ್ದುಗೆ' ಎಂಬ ಪದಗಳು ಕುಳಿತುಕೊಳ್ಳುವ ವಸ್ತುವಿನಿಂದ ಅಧಿಕಾರಸ್ಥಾನಕ್ಕೆ ಏರಿವೆ. ಉಚ್ಚ ನ್ಯಾಯಾಲಯದ ಕಲಬುರಗಿ ಪೀಠವೆಂಬ ಮಾತಿನಲ್ಲಿ ಪೀಠ ಎಂದರೆ ಯಾರೂ ಮರದ ಆಸನವನ್ನು ನೆನೆಯುವುದಿಲ್ಲ. ಹೀಗಿರುವಾಗ 'ಬೋರ್ಡು' ತನ್ನೊಂದಿಗೆ ತಂದ ಯಾವ ಒಂದು ಅರ್ಥವೂ ಈ ನೆಲಕ್ಕೆ ಸಂಪೂರ್ಣ ಅಪರಿಚಿತವಾಗಿರಲಿಲ್ಲ. ಆದರೂ ಅದು ಮೂರು ಭಾಷೆಗಳಲ್ಲೂ ನೆಲೆಯೂರಿತು.

3. ಬೀದರ ಪರಿಸರದ ಬಳಕೆ

ಬೀದರ ಪೇಟೆಯಲ್ಲಿ ಈ ಪದದ ಬಳಕೆಗಳನ್ನು ಗಮನಿಸಿದರೆ ಕನಿಷ್ಠ ಐದು ಗುಂಪುಗಳು ತೋರುತ್ತವೆ. ಮೊದಲನೆಯದು, ಅಂಗಡಿ, ಕಚೇರಿ, ಬಸ್ಸುಗಳ ಮೇಲಿನ ಹೆಸರಿನ ಹಲಗೆ. ಎರಡನೆಯದು, ಶಾಲೆಯ ಕರಿಹಲಗೆ. ಮೂರನೆಯದು, ಪರೀಕ್ಷೆ ನಡೆಸುವ ಸಂಸ್ಥೆ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಜನ 'ಬೋರ್ಡ್ ಪರೀಕ್ಷೆ' ಎನ್ನುತ್ತಾರೆ. ನಾಲ್ಕನೆಯದು, ಸರ್ಕಾರ ರಚಿಸಿದ ಆಡಳಿತ ಮಂಡಳಿ. ಐದನೆಯದು, 'ಬೋರ್ಡಿಂಗು', ವಿದ್ಯಾರ್ಥಿಗಳ ಊಟ ವಸತಿಯ ನೆಲೆ. ಇವಲ್ಲದೆ ವಿದ್ಯುತ್ತಿನ ಸ್ವಿಚ್ ಬೋರ್ಡು, ಕೇರಂ ಬೋರ್ಡುಗಳಂಥ ವಸ್ತುವಾಚಕಗಳಿವೆ. 'ಬೋರ್ಡು ಹಚ್ಚಿಕೊಂಡು ತಿರುಗು' ಎಂಬಂಥ ಲಾಕ್ಷಣಿಕ ಪ್ರಯೋಗದಲ್ಲಿ ತನ್ನ ಗುಣವನ್ನೋ ಪಕ್ಷವನ್ನೋ ಊರಿಗೆಲ್ಲ ಸಾರುವವನ ಬಗ್ಗೆ ವ್ಯಂಗ್ಯವಿದೆ.

ಪದ ಒಂದು ಅರ್ಥದಲ್ಲಿ ಅಳಿದ ಮೇಲೂ ಬಳಕೆಯಲ್ಲಿ ಉಳಿಯುವುದಕ್ಕೆ ಇಲ್ಲಿ ಒಳ್ಳೆಯ ನಿದರ್ಶನಗಳಿವೆ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯ ಸ್ಥಾನದಲ್ಲಿ 1999ರಲ್ಲಿ ವಿದ್ಯುತ್ ಪ್ರಸರಣ ನಿಗಮ ಬಂತು. 2002ರಲ್ಲಿ ಈ ಭಾಗದ ವಿತರಣೆ ಜೆಸ್ಕಾಂ ಕಂಪನಿಗೆ ಹೋಯಿತು. ಆದರೂ ಕರೆಂಟು ಹೋದಾಗ ಜನ ದೂರುವುದು 'ಕೆಇಬಿ'ಯವರನ್ನೇ. ಕೊನೆಯ ಅಕ್ಷರದಲ್ಲಿ ಅಡಗಿರುವ 'ಬೋರ್ಡು' ಸಂಸ್ಥೆ ಹೋದ ಮೇಲೂ ಹೋಗಿಲ್ಲ. 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಬೋರ್ಡುಗಳ ಅಧಿನಿಯಮದಿಂದ ಹುಟ್ಟಿದ ತಾಲ್ಲೂಕು ಅಭಿವೃದ್ಧಿ ಮಂಡಳಿಗಳದೂ ಇದೇ ಕಥೆ. ಕಾಗದದಲ್ಲಿ 'ಮಂಡಳಿ', ಮಾತಿನಲ್ಲಿ 'ತಾಲೂಕ ಬೋರ್ಡು'.

ವಿಕಾರಾಬಾದಿನಿಂದ ಪರಳಿಗೆ ಹೋಗುವ ರೈಲುಮಾರ್ಗ ಬೀದರ, ಭಾಲ್ಕಿ, ಕಮಲನಗರಗಳನ್ನು ಹಾದು ಉದಗೀರವನ್ನು ಸೇರುತ್ತದೆ. ಆ ನಿಲ್ದಾಣಗಳ ಹಳದಿ ಹಲಗೆಯೂ ಬೋರ್ಡು. ಅದರ ಮೇಲೆ ಯಾವ ಹೆಸರು ಹೇಗೆ ಬರೆಯಬೇಕೆಂಬ ಕಟ್ಟಳೆ ಹೊರಡುವ ವ್ಯವಸ್ಥೆಯ ತುದಿಯಲ್ಲಿ, ದೆಹಲಿಯಲ್ಲಿ ಇರುವುದೂ 1905ರಲ್ಲಿ ಸ್ಥಾಪನೆಯಾದ ರೈಲ್ವೆ ಬೋರ್ಡು. ಆಜ್ಞೆ ಹೊರಡಿಸುವ ಬೋರ್ಡು, ಆಜ್ಞೆಯನ್ನು ಹೊತ್ತು ನಿಲ್ಲುವ ಬೋರ್ಡು ಎರಡಕ್ಕೂ ಒಂದೇ ಹೆಸರಿರುವುದು ಸಾಮಾನ್ಯನ ಅನುಭವಕ್ಕೆ ಒಪ್ಪುವಂಥದು. ಅವನಿಗೆ ಸರ್ಕಾರ ಕಾಣಸಿಗುವುದು ಬಹುಮಟ್ಟಿಗೆ ಹಲಗೆಯ ಮೇಲಿನ ಅಕ್ಷರವಾಗಿಯೇ.

ಭಾಷೆಗಳ ನಡುವಿನ ಸಂಬಂಧದ ದೃಷ್ಟಿಯಿಂದ ಇನ್ನೊಂದು ಸಂಗತಿ ಮುಖ್ಯವಾದುದು. ಬೀದರಿನಲ್ಲಿ ಕನ್ನಡಿಗ 'ಬೋರ್ಡುಗಳು' ಎಂದರೆ, ದಖನಿ ಆಡುವವನು ತನ್ನ ಬಹುವಚನ ಪ್ರತ್ಯಯ ಹಚ್ಚಿ 'ಬೋರ್ಡಾಂ' ಎನ್ನುತ್ತಾನೆ. ಹಲಗೆ, ತಖ್ತಿ, ಪಾಟಿಗಳಲ್ಲಿ ಒಂದೊಂದಕ್ಕೂ ಒಂದೊಂದು ಭಾಷೆಯ ಮನೆತನವಿದೆ. 'ಬೋರ್ಡು' ಯಾರ ಮನೆತನಕ್ಕೂ ಸೇರಿಲ್ಲ. ನಾಲ್ಕು ಭಾಷೆಗಳ ಸಂತೆಯಲ್ಲಿ ಅದು ಯಾರನ್ನೂ ನೋಯಿಸದ ಪದವಾಯಿತು. ಎರವಲು ಪದ ಬರುವುದು ಸ್ವಂತ ಪದ ಇಲ್ಲದ್ದರಿಂದ ಎಂಬ ವಿವರಣೆ ಗಡಿನಾಡಿಗೆ ಒಪ್ಪುವುದಿಲ್ಲ. ಇಲ್ಲಿ ಅದು ಬಂದದ್ದು ಸ್ವಂತ ಪದಗಳು ಬಹಳವಾಗಿದ್ದುದರಿಂದ.

4. ಭಾಲ್ಕಿಯ ಮಾತು

'ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ' ಎಂಬ ಮಾತು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಕಾರ್ಯದೊಂದಿಗೆ ಕೂಡಿಕೊಂಡಿದೆ. ಅವರು ಹುಟ್ಟಿದ್ದು ಕಮಲನಗರದಲ್ಲಿ. ಹಿಂದೆ ಔರಾದ ತಾಲ್ಲೂಕಿನಲ್ಲಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಶತಾಯುಷಿಗಳಾಗಿ 1999ರಲ್ಲಿ ಲಿಂಗೈಕ್ಯರಾದ ಅವರು ನಿಜಾಮ ಆಡಳಿತದ ಕೊನೆಯ ದಶಕಗಳನ್ನೂ ಸ್ವತಂತ್ರ ಭಾರತದ ಅರ್ಧ ಶತಮಾನವನ್ನೂ ಕಂಡವರು. ಬಸವಕಲ್ಯಾಣದ ಅನುಭವ ಮಂಟಪದ ನಿರ್ಮಾಣದಲ್ಲಿ ಅವರ ಶ್ರಮ ಪ್ರಸಿದ್ಧವಾದುದು.

ಆ ಕಾಲದ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಮಾಧ್ಯಮವೂ ಉರ್ದು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಬೋಧಿಸಿದ ಆ ಪ್ರಯೋಗದ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂಸ್ಥಾನದ ಬಹುಪಾಲು ಪ್ರಜೆಗಳ ತಾಯ್ನುಡಿಗಳಾದ ತೆಲುಗು, ಮರಾಠಿ, ಕನ್ನಡಗಳಿಗೆ ಮೇಲಿನ ಶಿಕ್ಷಣದಲ್ಲಿ ಆ ಸ್ಥಾನ ದೊರೆಯಲಿಲ್ಲ. ಖಾಸಗಿಯಾಗಿ ಶಾಲೆ ತೆರೆಯಲು ಸರ್ಕಾರದ ಅನುಮತಿ ಬೇಕಾಗಿತ್ತು. ಈ ಪರಿಸ್ಥಿತಿಯಲ್ಲಿ ಹೊರಗೆ ಅಧಿಕಾರಿಗಳು ಓದಲೆಂದು ಉರ್ದುವಿನಲ್ಲಿ ಬರೆದ ಹಲಗೆ ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಾರ್ಯವನ್ನು ಜನ ಒಂದು ಮಾತಿನಲ್ಲಿ ಕಡೆದಿಟ್ಟರು.

ಈ ಮಾತನ್ನು ಕನ್ನಡಾಭಿಮಾನದ ಘೋಷಣೆಯಾಗಿ ಉದ್ಧರಿಸುವುದು ರೂಢಿಯಾಗಿದೆ. ಅದರ ವಾಕ್ಯರಚನೆಯನ್ನು ವಿಮರ್ಶಿಸಿದವರು ವಿರಳ. ಅದರಲ್ಲಿ ಹೊರಗೆ-ಒಳಗೆ, ಉರ್ದು-ಕನ್ನಡ, ಬೋರ್ಡು-ಪಾಠ ಎಂಬ ಮೂರು ಜೋಡಿಗಳಿವೆ. ಮೊದಲ ಎರಡು ಜೋಡಿಗಳ ಕಡೆಗೆ ಎಲ್ಲರ ಗಮನ ಹರಿದಿದೆ. ಮಾತಿನ ತಿರುಳಿರುವುದು ಮೂರನೆಯ ಜೋಡಿಯಲ್ಲಿ. ಬೋರ್ಡು ಓದಿಸಿಕೊಳ್ಳುವಂಥದು, ಪಾಠ ಕಲಿಸುವಂಥದು. ಬೋರ್ಡಿಗೆ ಓದುಗ ದಾರಿಹೋಕ, ಪಾಠಕ್ಕೆ ಓದುಗ ಮಗು. ಬೋರ್ಡು ಅಧಿಕಾರದ ಕಣ್ಣಿಗೆ ಕೊಡುವ ಉತ್ತರ, ಪಾಠ ಮುಂದಿನ ತಲೆಮಾರಿಗೆ ಕೊಡುವ ಆಸ್ತಿ. ಹೀಗಾಗಿ ಈ ಮಾತು ಎರಡು ಭಾಷೆಗಳ ಜಗಳವನ್ನು ಹೇಳುವುದಕ್ಕಿಂತ ಹೆಚ್ಚಾಗಿ ತೋರಿಕೆ ಮತ್ತು ಕೆಲಸಗಳ ನಡುವಿನ ಅಂತರವನ್ನು ಹೇಳುತ್ತದೆ.

ಇಲ್ಲಿ ಬೋರ್ಡು ಮಾಡಿದ ಕೆಲಸ ಗುರಾಣಿಯದು. ಇಂಗ್ಲಿಷಿನಲ್ಲೂ ಹಳಗನ್ನಡದಲ್ಲೂ ಹಲಗೆಗೆ ಇದ್ದ, ಎರಡೂ ಕಡೆ ಬಳಕೆಯಿಂದ ಜಾರಿಹೋಗಿದ್ದ ಪ್ರಾಚೀನ ಅರ್ಥವೊಂದು ಭಾಲ್ಕಿಯ ಬಾಗಿಲಲ್ಲಿ ಯಾರಿಗೂ ತಿಳಿಯದಂತೆ ಮರುಹುಟ್ಟು ಪಡೆಯಿತು. ಮೇಲೆ ಕಾಣುವುದೇ ಪ್ರಾಮಾಣಿಕವೆಂದು ಹೇಳುವ ಇಂಗ್ಲಿಷ್ ನುಡಿಗಟ್ಟು ಇಲ್ಲಿ ಸೋಲುತ್ತದೆ. ಅನುಮತಿ ಕೇಳಿದರೆ ಸಿಗದ ವ್ಯವಸ್ಥೆಯಲ್ಲಿ ಮರೆಯಲ್ಲಿರುವುದೇ ಸತ್ಯವಾಗಿತ್ತು, ಮೇಲೆ ಕಾಣುವುದು ಅದರ ಕಾವಲಾಗಿತ್ತು.

ಈ ಮಾತನ್ನು ಉರ್ದುವಿನ ಮೇಲಿನ ದ್ವೇಷವೆಂದು ಓದುವುದು ತಪ್ಪಾಗುತ್ತದೆ. ಬೀದರಿನ ಬೀದಿಯ ದಖನಿ ಬೇರೆ, ಸರ್ಕಾರಿ ಕಾಗದದ ಉರ್ದು ಬೇರೆ. ದುಕಾನ, ದವಾಖಾನೆ, ಕಚೇರಿ, ತಹಸೀಲು, ದಫ್ತರುಗಳಿಲ್ಲದೆ ಈ ಭಾಗದ ಕನ್ನಡದ ಒಂದು ದಿನವೂ ಸಾಗುವುದಿಲ್ಲ. 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾದ ಮುಖಭಿತ್ತಿಯ ಮೇಲೆ ಬಣ್ಣದ ಹೆಂಚುಗಳಲ್ಲಿ ಮೂಡಿದ ಅಕ್ಷರಗಳು ಈ ನಗರದ ಹೆಮ್ಮೆ. ಅಲ್ಲಿ ಗೋಡೆಯ ಮೇಲಿನ ಅಕ್ಷರಕ್ಕೂ ಒಳಗಿನ ವಿದ್ಯೆಗೂ ವಿರೋಧವಿರಲಿಲ್ಲ. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಪ್ರಶಂಸೆಯನ್ನು ಬರೆಯುತ್ತಿರುವ ಶಿಲಾಬಾಲಿಕೆಯ ಲೇಖನಿಯಿಂದ ಮೂಡಿದ್ದು ಸಂಸ್ಕೃತ. ನೆಲದ ಭಾಷೆಯಲ್ಲದ ಭಾಷೆ ಗೋಡೆಯ ಮೇಲೆ ಬರುವುದು ಈ ಜಿಲ್ಲೆಗೆ ಹೊಸದೇನಲ್ಲ. ಒಳಗಿನ ಭಾಷೆ ಅಡಗಿಕೊಳ್ಳಬೇಕಾಗಿ ಬಂದದ್ದೇ ಹೊಸದು. ಭಾಲ್ಕಿಯ ಮಾತು ಆಕ್ಷೇಪಿಸುವುದು ಆ ಒತ್ತಾಯವನ್ನು, ಉರ್ದು ಅಕ್ಷರವನ್ನಲ್ಲ. ಆ ಅಕ್ಷರವೇ ಕನ್ನಡದ ಪಾಠಕ್ಕೆ ನೆರಳು ಕೊಟ್ಟಿತೆಂಬುದನ್ನೂ ಮರೆಯಬಾರದು.

5. ಬೋರ್ಡಿಂಗು ಮತ್ತು ಮಂಡಳಿ

ಊಟ ಎಂಬ ಅರ್ಥದಲ್ಲಿ ಈ ಪದ ಕನ್ನಡ ಸಮಾಜದಲ್ಲಿ ಪಡೆದ ಪರಿಣಾಮವೂ ಉಪೇಕ್ಷಿಸುವಂಥದಲ್ಲ. ಇಂಗ್ಲಿಷಿನಲ್ಲಿ ಬೋರ್ಡಿಂಗ್ ಎಂಬುದು ಹಣ ಕೊಟ್ಟು ಪಡೆಯುವ ಸೌಕರ್ಯ. ಪೇಟೆಗಳ ಖಾನಾವಳಿ, ವಸತಿಗೃಹಗಳ ಹಲಗೆಗಳ ಮೇಲೆ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂದು ಬರೆದದ್ದು ಈ ಅರ್ಥದಲ್ಲಿಯೇ. ಮಠಗಳು ಮತ್ತು ಸಮಾಜದ ದಾನಿಗಳು ಹಳ್ಳಿಯ ಮಕ್ಕಳಿಗಾಗಿ ನಡೆಸಿದ ಬೋರ್ಡಿಂಗುಗಳಲ್ಲಿ ಅದು 'ಉಚಿತ'ವೆಂಬ ವಿಶೇಷಣ ಪಡೆಯಿತು. ಅವುಗಳ ಕನ್ನಡ ಹೆಸರು 'ಪ್ರಸಾದ ನಿಲಯ'. ಇದು ಬರಿಯ ಅನುವಾದವಲ್ಲ, ಪದದ ಮೌಲ್ಯವನ್ನೇ ಬದಲಿಸಿದ ಅನುವಾದ. ಕೊಂಡು ಉಣ್ಣುವುದು ಬೋರ್ಡಿಂಗ್, ಹಂಚಿ ಉಣ್ಣುವುದು ಪ್ರಸಾದ. ಊರಿನಲ್ಲಿ ಶಾಲೆಯಿಲ್ಲದ ಮಗು ಭಾಲ್ಕಿಗೋ ಬೀದರಿಗೋ ಬಂದು ಓದಲು ಪಾಠದಷ್ಟೇ ಊಟವೂ ಬೇಕಾಗಿತ್ತು. ಹಲಗೆ ಗುರಾಣಿಯಾದಂತೆ ಊಟದ ಎಡೆಯೂ ಆದುದರಿಂದಲೇ ಅಕ್ಷರ ಹಳ್ಳಿಗಳಿಗೆ ತಲುಪಿತು.

ಆಡಳಿತದ ಅರ್ಥದಲ್ಲಿ ಕನ್ನಡ 'ಮಂಡಳಿ' ಎಂಬ ಪದವನ್ನು ಆರಿಸಿಕೊಂಡಿತು. ಇಂಗ್ಲಿಷ್ ಪದ ಜನ ಸುತ್ತ ಕುಳಿತ ಮೇಜನ್ನು ನೋಡಿತು, ಕನ್ನಡ ಪದ ವೃತ್ತವಾಗಿ ಕುಳಿತ ಜನರನ್ನು ನೋಡಿತು. ಅರ್ಥದ ದೃಷ್ಟಿಯಿಂದ ಕನ್ನಡದ ಆಯ್ಕೆ ಹೆಚ್ಚು ಉದಾರವಾದುದು. ಆದರೂ ಮಂಡಳಿ ಪುಸ್ತಕದಲ್ಲಿ ಉಳಿದು ಬೋರ್ಡು ಬಾಯಲ್ಲಿ ಉಳಿಯಿತು. ಮಂಡಳಿಯ ವೃತ್ತದೊಳಗೆ ತಾನೂ ಒಬ್ಬನೆಂಬ ಅನುಭವ ಸಾಮಾನ್ಯನಿಗೆ ದೊರೆತಿದ್ದರೆ ಪದವೂ ಅವನ ನಾಲಗೆಯ ಮೇಲೆ ನಿಲ್ಲುತ್ತಿತ್ತೇನೋ.

ಬೀದರಿನ ಪಾಲಿಗೆ ಈ ಪದ ಸಂವಿಧಾನದ ಪದವೂ ಆಗಿದೆ. 2012ರ 98ನೆಯ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿಯು ಹೈದರಾಬಾದ್-ಕರ್ನಾಟಕ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನು ಸ್ಥಾಪಿಸಲು ಅವಕಾಶ ಕೊಡುತ್ತದೆ. ಇಂಗ್ಲಿಷ್ ಪಾಠದಲ್ಲಿರುವ ಪದ 'ಬೋರ್ಡ್'. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾದಾಗ ಮಂಡಳಿಯ ಹೆಸರೂ ಬದಲಾಯಿತು. ಕಚೇರಿಗಳ ಬೋರ್ಡುಗಳನ್ನು ಹೊಸದಾಗಿ ಬರೆಯಿಸಲಾಯಿತು. ಗಮನಿಸಬೇಕಾದುದೆಂದರೆ, ಆ ವಿಧಿಯೇ ಮಂಡಳಿಯ ಕಾರ್ಯದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು ಹೇಳುತ್ತದೆ. ಬೋರ್ಡಿನ ಹಿಂದೆ ನಡೆದದ್ದೇನೆಂದು ವರ್ಷಕ್ಕೊಮ್ಮೆ ತೋರಿಸಬೇಕೆಂಬ ಈ ಕಟ್ಟಳೆ, ಭಾಲ್ಕಿಯ ಮಾತು ಕೇಳುವ ಪ್ರಶ್ನೆಯ ಶಾಸನರೂಪ. ಪ್ರದೇಶದ ಹೆಸರು ಬದಲಾಗುವುದು ಬೋರ್ಡು, ಅಲ್ಲಿನ ಶಾಲೆಗೆ ಶಿಕ್ಷಕರು ಬರುವುದು ಪಾಠ.

6. ಔರಾದ: ಗಡಿಯ ಹಲಗೆ

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಒಂದೇ ಜಿಲ್ಲೆಯಾಗಿದ್ದ ನೆಲದ ನಡುವೆ ರಾಜ್ಯದ ಗಡಿ ಬಂತು. ಗಡಿ ಎಂಬುದು ಹೊಲದಲ್ಲಿ ಕಾಣುವುದಿಲ್ಲ, ರಸ್ತೆಯ ಬೋರ್ಡಿನಲ್ಲಿ ಕಾಣುತ್ತದೆ. ನಾಗರಿ ಅಕ್ಷರ ಮುಗಿದು ಕನ್ನಡ ಅಕ್ಷರ ಆರಂಭವಾದಲ್ಲಿ ರಾಜ್ಯ ಬದಲಾಯಿತೆಂದು ಪ್ರಯಾಣಿಕ ತಿಳಿಯುತ್ತಾನೆ. ಮಾತು ಮಾತ್ರ ಬದಲಾಗಿರುವುದಿಲ್ಲ.

ಇದಕ್ಕೆ ಔರಾದವೇ ನಿದರ್ಶನ. ಔರಾದ ಎಂಬ ಹೆಸರಿನ ಎರಡು ಊರುಗಳು ಗಡಿಯ ಎರಡು ಕಡೆಗಳಲ್ಲಿವೆ. ಕರ್ನಾಟಕದ ಔರಾದ ಅಮರೇಶ್ವರನ ಊರು. ನಿಲಂಗಾ ತಾಲ್ಲೂಕಿನಲ್ಲಿರುವುದು ಔರಾದ ಶಹಾಜಾನಿ. ಬಸ್ಸಿನ ಬೋರ್ಡಿನ ಮೇಲೆ ಊರಿನ ಹೆಸರಷ್ಟೇ 'ಔರಾದ' ಎಂದಿದ್ದರೆ ಪ್ರಯಾಣಿಕ ಬೇರೆ ರಾಜ್ಯವನ್ನೇ ಸೇರಬಹುದು. ಆದ್ದರಿಂದ ಹೆಸರಿನ ಮುಂದೆ 'ಬಾ' ಎಂಬ ಒಂದಕ್ಷರವನ್ನು ಕಂಸದಲ್ಲಿ ಬರೆಯುವ ರೂಢಿ ಬಂತು. ಗಡಿಯ ಇತಿಹಾಸವೆಲ್ಲ ಆ ಒಂದಕ್ಷರದಲ್ಲಿ ಅಡಗಿದೆ.

ಔರಾದ, ಭಾಲ್ಕಿ ಭಾಗದಲ್ಲಿ ಮರಾಠಿ ಮನೆಮಾತಿನ ಕುಟುಂಬಗಳು ಗಣನೀಯವಾಗಿವೆ. ಸರ್ಕಾರವೇ ನಡೆಸುವ ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳು ಜಿಲ್ಲೆಯಲ್ಲಿವೆ. ಅವುಗಳ ಹೆಸರಿನಲ್ಲಿಯೇ ಮಾಧ್ಯಮದ ಭಾಷೆ ನಮೂದಾಗಿರುತ್ತದೆ. ಒಳಗೆ ಯಾವ ಭಾಷೆಯ ಪಾಠ ನಡೆಯುತ್ತದೆಂಬುದನ್ನು ಹೊರಗಿನ ಬೋರ್ಡು ಮುಚ್ಚಿಡಬೇಕಾಗಿಲ್ಲ. ನಿಜಾಮ ಆಡಳಿತಕ್ಕೂ ಪ್ರಜಾಪ್ರಭುತ್ವಕ್ಕೂ ಇರುವ ವ್ಯತ್ಯಾಸವನ್ನು ಅಳೆಯಲು ಇದಕ್ಕಿಂತ ಸರಳವಾದ ಸಾಧನ ಬೇಕಿಲ್ಲ. ಈ ವ್ಯತ್ಯಾಸ ಉಳಿಯುವುದು ಕನ್ನಡದ ಹಿತಕ್ಕೇ ಅಗತ್ಯ. ಒಂದು ಕಾಲದಲ್ಲಿ ತಾನೇ ಮರೆಯಲ್ಲಿ ಕಲಿತ ಭಾಷೆ, ಇನ್ನೊಂದು ಭಾಷೆಯ ಮಗು ಮರೆಯಲ್ಲಿ ಕಲಿಯುವಂತೆ ಮಾಡಬಾರದು.

7. ಇಂದಿನ ಬೋರ್ಡು

ನಾಮಫಲಕಗಳಲ್ಲಿ ಕನ್ನಡವಿರಬೇಕೆಂಬ ಒತ್ತಾಯ ಕರ್ನಾಟಕದಲ್ಲಿ ದೀರ್ಘಕಾಲದಿಂದ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕು. ಆಡಳಿತ ಭಾಷೆಯಾಗಿ ಕನ್ನಡ ಬೀದಿಯಲ್ಲಿ ಕಾಣಬೇಕೆಂಬುದು ನ್ಯಾಯವಾದ ಅಪೇಕ್ಷೆ. ಒಮ್ಮೆ ತನ್ನ ನೆಲದಲ್ಲಿಯೇ ಹೊರಗೆ ಕಾಣಿಸಿಕೊಳ್ಳಲಾಗದಿದ್ದ ಭಾಷೆಗೆ ಹೊರಗೆ ಕಾಣಿಸಿಕೊಳ್ಳುವ ಹಕ್ಕು ಸಣ್ಣದೇನಲ್ಲ.

ಆದರೆ ಭಾಲ್ಕಿಯ ಮಾತಿನ ಬೆಳಕಿನಲ್ಲಿ ಇಂದಿನ ಸ್ಥಿತಿಯನ್ನು ಪರಿಶೀಲಿಸಿದರೆ ಒಂದು ವಿಪರ್ಯಾಸ ಗೋಚರಿಸುತ್ತದೆ. ಪಟ್ಟಣಗಳಲ್ಲಿ 'ಇಂಗ್ಲಿಷ್ ಮೀಡಿಯಂ ಸ್ಕೂಲ್' ಎಂದು ಕನ್ನಡ ಲಿಪಿಯಲ್ಲಿ ಬರೆದ ಬೋರ್ಡುಗಳು ಸಾಮಾನ್ಯವಾಗಿವೆ. ಲಿಪಿ ಕನ್ನಡ, ಪದ ಇಂಗ್ಲಿಷ್, ಒಳಗಿನ ಪಾಠವೂ ಇಂಗ್ಲಿಷ್. ಅಂದು ಹೊರಗಿನ ಬೋರ್ಡು ಪರಭಾಷೆಯದಾಗಿ ಒಳಗಿನ ಪಾಠ ತಾಯ್ನುಡಿಯದಾಗಿತ್ತು. ಇಂದು ಹೊರಗೆ ಕನ್ನಡ ಬೋರ್ಡು, ಒಳಗೆ ಇಂಗ್ಲಿಷ್ ಪಾಠ. ಅಂದಿನ ಮರೆ ಭಯದಿಂದ ಹುಟ್ಟಿದ್ದು, ಇಂದಿನ ತೋರಿಕೆ ಯಾರ ಭಯದಿಂದಲೂ ಹುಟ್ಟಿದ್ದಲ್ಲ. ತಂದೆತಾಯಿಗಳು ಸ್ವಇಚ್ಛೆಯಿಂದ, ಶುಲ್ಕ ತೆತ್ತು ಆರಿಸಿಕೊಂಡದ್ದು. ಆ ಆಯ್ಕೆಯನ್ನು ಹಳಿಯುವುದು ಸುಲಭ. ಉದ್ಯೋಗದ ಬಾಗಿಲು ಯಾವ ಭಾಷೆಯಲ್ಲಿ ತೆರೆಯುತ್ತದೆಂದು ಅವರು ಬಲ್ಲರು. ಕನ್ನಡ ಶಾಲೆಯ ಒಳಗೆ ಗಟ್ಟಿಯಾದ ಪಾಠ ಸಿಗುವಂತೆ ಮಾಡದೆ ಹೊರಗಿನ ಅಕ್ಷರಗಳ ಅಳತೆ ಹಿಡಿಯುವುದರಿಂದ ಆ ಆಯ್ಕೆ ಬದಲಾಗದು.

ಪರಿಭಾಷೆಯ ಬಗೆಗೂ ಇದೇ ಮಾತು ಸಲ್ಲುತ್ತದೆ. 'ಬೋರ್ಡು' ಎಂಬುದನ್ನು ತೆಗೆದು ಒಂದೆಡೆ ನಾಮಫಲಕ, ಇನ್ನೊಂದೆಡೆ ಕರಿಹಲಗೆ, ಮತ್ತೊಂದೆಡೆ ಮಂಡಳಿ, ಮಗದೊಂದೆಡೆ ಪ್ರಸಾದ ನಿಲಯ ಎಂದು ಬರೆಯುವುದು ಸಾಧ್ಯ, ಬರಹದಲ್ಲಿ ಉಚಿತವೂ ಹೌದು. ನಿಖರತೆ ಬೇಕಾದಲ್ಲಿ ಬೇರೆ ಬೇರೆ ಪದಗಳೇ ಮೇಲು. ಆದರೆ ಹೆಸರು, ಪಾಠ, ಆಡಳಿತ, ಊಟ, ಪರೀಕ್ಷೆ ಇವೆಲ್ಲ ಒಂದೇ ಪದದ ನೆರಳಿನಲ್ಲಿ ನಿಂತಾಗ ಅವುಗಳ ನಡುವಿನ ಸಂಬಂಧ ಜನರ ಅರಿವಿಗೆ ಬರುತ್ತದೆ. ಬಿಡಿ ಪದಗಳಾಗಿ ಚದುರಿದಾಗ ಆ ಸಂಬಂಧ ಮರೆಯಾಗುತ್ತದೆ. 'ಹೊರಗೆ ಉರ್ದು ನಾಮಫಲಕ' ಎಂದು ತಿದ್ದಿದರೆ ಭಾಷೆ ಶುದ್ಧವಾದೀತು, ಮಾತು ಮಾತ್ರ ಸತ್ತುಹೋದೀತು. ಜನರ ಬಾಯಿ ಕಡೆದ ಮಾತನ್ನು ಅದರ ಎರವಲಿನ ಸಮೇತ ಉಳಿಸಿಕೊಳ್ಳುವುದೇ ವಿವೇಕ.

ಒಟ್ಟಿನಲ್ಲಿ, ಹಲಗೆಯಿಂದ ಮೇಜು, ಊಟ, ಸಭೆ, ಹೆಸರುಗಳವರೆಗೆ ಇಂಗ್ಲಿಷಿನಲ್ಲಿ ಬೆಳೆದ ಪದವೊಂದು ಬೀದರದ ಬಹುಭಾಷಿಕ ಪರಿಸರದಲ್ಲಿ ಯಾರದೂ ಅಲ್ಲದ, ಎಲ್ಲರದೂ ಆದ ಪದವಾಗಿ ನೆಲೆನಿಂತಿತು. ಭಾಲ್ಕಿಯಲ್ಲಿ ಅದು ತಾಯ್ನುಡಿಗೆ ಗುರಾಣಿಯಾಯಿತು. ಔರಾದದಲ್ಲಿ ಅದು ಗಡಿಯ ಗುರುತಾಯಿತು. ಬೀದರದಲ್ಲಿ ಅದು ಸರ್ಕಾರದ ಮುಖವಾಯಿತು. ಈ ಮೂರೂ ಬಳಕೆಗಳು ಒಂದೇ ಪ್ರಶ್ನೆಯ ಕಡೆಗೆ ಬೆರಳು ಮಾಡುತ್ತವೆ: ಬೋರ್ಡಿನ ಹಿಂದೆ ಏನಿದೆ? ಭಾಷೆಯ ಬಗೆಗಿನ ಯಾವುದೇ ನೀತಿಯ ಬೆಲೆಯನ್ನು ನಿರ್ಣಯಿಸಬೇಕಾದುದು ಈ ಪ್ರಶ್ನೆಗೆ ಅದು ಕೊಡುವ ಉತ್ತರದಿಂದ. ಉರ್ದು ಬೋರ್ಡಿನ ಹಿಂದೆ ಕುಳಿತು ಕನ್ನಡ ಕಲಿತ ಮಕ್ಕಳಿಂದಾಗಿ ಕನ್ನಡ ಈ ನೆಲದಲ್ಲಿ ಉಳಿಯಿತು. ಕನ್ನಡ ಬೋರ್ಡಿನ ಹಿಂದೆ ಕನ್ನಡ ಕಲಿಯುವ ಮಕ್ಕಳು ಇರುವಂತೆ ನೋಡಿಕೊಳ್ಳುವ ಹೊಣೆ ಈಗಿನ ತಲೆಮಾರಿನದು.